ಗೌರಿಗೆ ಶಾಂಪೂ

ಆ ದಿನ ಬೆಳಿಗ್ಗೆ ಎಂದಿನಂತೆ ಅರ್ಧ ಈರುಳ್ಳಿಯಿಂದ ದೋಸೆ ಹೆಂಚು ಉಜ್ಜುತ್ತಾ, ಉಕ್ಕಲು ಹೊಂಚು ಹಾಕುತ್ತಿದ್ದ ಹಾಲಿನ ಮೇಲೆ ಒಂದು ಕಣ್ಣಿಟ್ಟಿದ್ದೆ. ಆಗ ಕೈಲಾಂಚದ ಕಡೆಯ ಹಳ್ಳಿಯಿಂದ ನನ್ನ ಗಂಡನ ಚಿಕ್ಕಮ್ಮನ ಫೋನು ಬಂತು.

"ರಾತ್ರಿ ಸಿಡ್ಲು ಹೊಡ್ದು ಗೌರಿ ಹೋಗ್ಬುಟ್ಲು ಕಣವ್ವಾ. ಪರಿಹಾರಕ್ಕೆ ದನದ ಡಾಕ್ಟ್ರು ಬಂದು ಫೋಟೋ ಹಿಡೀತಾರಂತೆ. ಬರೋವಾಗ ಒಂದು ಶಾಂಪೂ ತತ್ತಾ. ಘಮ್ಮನ್ನೋದು!"

ಗೌರಿ ಎಂದರೆ ಚಿಕ್ಕಮ್ಮನಿಗಿದ್ದ ಒಂದೇ ಒಂದು ಹಸು. ಸತ್ತ ಹಸುವಿಗೆ ಶಾಂಪೂ ತರಿಸಿದವರು ಇವರನ್ನು ಬಿಟ್ಟು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ! ಸಾವಿನ ಮನೆಯಲ್ಲಿ ಮೆಲ್ಲಗೆ ಮಾತಾಡಬೇಕೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಹಸುವಿನ ಬಾಲಕ್ಕೆ ನೊರೆ ಬರಿಸುವುದು ಹೇಗೆಂದು ಕಲಿಸಿರಲಿಲ್ಲ. ಶಾಂಪೂ ಹಿಡಿದು ಹಳ್ಳಿ ತಲುಪಿದ ಮೇಲೆ ಅದನ್ನು ಚಿಕ್ಕಮ್ಮನೇ ಕಲಿಸಿದರು. ಸ್ನಾನವಾಯಿತು, ಮೈತುಂಬ ಅರಿಸಿನವಾಯಿತು, ಹಣೆಗೆ ಕಾಸಗಲ ಕುಂಕುಮವೂ ಆಯಿತು.

ಡಾಕ್ಟರು ಬಂದರು. ಚಿಕ್ಕಮ್ಮ ಸಂಕ್ರಾಂತಿಯಲ್ಲಿ ತೆಗೆಸಿದ್ದ, ಕೊಂಬಿಗೆ ಬಣ್ಣ ಬಳಿದ ಗೌರಿಯ ಫೋಟೋ ಮುಂದಿಟ್ಟರು.

"ಅಮ್ಮಾ, ಸತ್ತ ಮೇಲಿನ ಫೋಟೋ ಬೇಕು."

"ಸತ್ತ ಮೇಲಿನ್ ಫೋಟೋನ ಯಾರಾರ ಗೋಡೆಗ್ ಹಾಕ್ತಾರಾ? ನಿಮ್ಮಜ್ಜಂದು ಯಾವ್ದು ಹಾಕಿದ್ದೀರಪ್ಪಾ?"

ಡಾಕ್ಟರು ತಮ್ಮ ಮೊಬೈಲು ತೆಗೆದರು. ಆಮೇಲೆ ಗೌರಿಯ ಸುತ್ತ ಬಗ್ಗಿ ಬಗ್ಗಿ ನೋಡಿದರು.

"ಸಿಡಿಲು ಬಡಿದ ಗುರುತೆಲ್ಲಿ?"

"ಕರ್ರಗಿತ್ತು ಸಾ. ಚೆನ್ನಾಗಿ ಉಜ್ಜಿ ಅರಿಸಿನ ಹಚ್ಬುಟ್ಟೆ!"

ಪರಿಹಾರಕ್ಕಿದ್ದ ಸಾಕ್ಷಿಗೇ ಮಂಗಳಸ್ನಾನ ಮಾಡಿಸಿದ್ದೆವು, ಅದೂ ನಾನು ತಂದ ಶಾಂಪೂವಿನಲ್ಲಿ! ಡಾಕ್ಟರು ತಲೆ ಹಿಡಿದುಕೊಂಡರು. "ಹಾಗಾದ್ರೆ ಕೊಯ್ದೇ ನೋಡ್ಬೇಕಮ್ಮಾ. ನೋಡದೆ ಸಿಡಿಲು ಅಂತ ನಾನು ಬರೆಯೋ ಹಾಗಿಲ್ಲ. ಬರೆಯದಿದ್ರೆ ಸರ್ಕಾರ ಪರಿಹಾರ ಕೊಡಲ್ಲ."

"ಕೊಯ್ಯೋದಾ? ಬ್ಯಾಡ ಬುಡಿ ನಿಮ್ ಪರಿಹಾರ! ಹೆತ್ ಮಗ್ಳಂಗಿದ್ಲು."

ಅಷ್ಟರಲ್ಲಿ ಕೊಟ್ಟಿಗೆಯೊಳಗಿಂದ ಗೌರಿಯ ಕರು ಕೂಗಿತು. ಹುಟ್ಟಿ ಇನ್ನೂ ವಾರವೂ ತುಂಬಿರಲಿಲ್ಲ. ಬೆಳಗಿನಿಂದ ಬಾಟಲಿಯ ಹಾಲಿಗೆ ಬಾಯಿ ಹಾಕಿರಲಿಲ್ಲ. ಚಿಕ್ಕಮ್ಮ ಅದರ ಕಡೆ ತಿರುಗಿದರು.

"ಪರಿಹಾರ ಬಂದ್ರೆ ಇನ್ನೊಂದು ಕರಾವಿನ ಹಸ ತರಬೋದು. ಇದ್ಕೂ ಒಸಿ ಹಾಲಾಯ್ತದೆ," ಎಂದರು ಕೊನೆಗೆ. "ಕೊಯ್ಕಳಿ. ಆದ್ರೆ ಕರ ನೋಡ್ಬಾರ್ದು." ತಾವೇ ಅದನ್ನು ಹೊಡೆದುಕೊಂಡು ಪಕ್ಕದ ಮನೆಯ ಕೊಟ್ಟಿಗೆಗೆ ಹೋದರು.

ಕೊಯ್ದು ನೋಡಿದಾಗ ಒಳಗೆ ಸಿಡಿಲಿನ ಗುರುತು ಸಿಕ್ಕಿತು. ಡಾಕ್ಟರು ವರದಿ ಬರೆದರು. ಕೊಯ್ದದ್ದನ್ನು ಹೊಲಿದ ಮೇಲೆ, ಯಾರೂ ಹೇಳದೆಯೇ, ಬಟ್ಟಲಲ್ಲಿ ಉಳಿದಿದ್ದ ಅರಿಸಿನವನ್ನು ಆ ಹೊಲಿಗೆಯ ಮೇಲೆ ಸವರಿದರು. ಗೌರಿಯನ್ನು ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಮಣ್ಣು ಮಾಡಿದೆವು. ಮಣ್ಣು ಹಾಕಿದ್ದೇ ಚಿಕ್ಕಮ್ಮ ಮತ್ತೆ ಪಕ್ಕದ ಮನೆಯತ್ತ ಹೊರಟರು.

ಸಂಜೆ ನಾನು ಮುದ್ದೆ ಕಟ್ಟಿಟ್ಟು ಕಾಯುತ್ತಿದ್ದೆ. ಪಕ್ಕದ ಮನೆಯಾಕೆ ಬೆಂಕಿಪೊಟ್ಟಣ ಕೇಳಲು ಬಂದರು.

"ಚಿಕ್ಕಮ್ಮ ಎಲ್ಲಿ, ಊಟಕ್ಕೆ ಬರಲಿಲ್ಲವಲ್ಲ?" ಎಂದೆ.

"ನಮ್ ಕೊಟ್ಟಿಗೇಲೇ ಕೂತವ್ರೆ ಕಣಮ್ಮ," ಎಂದರು ಆಕೆ, ಕೊಟ್ಟ ಪೊಟ್ಟಣ ಅಲ್ಲಾಡಿಸಿ ನೋಡುತ್ತಾ. "ಕರ ಅವ್ರ ಸೆರಗು ಚೀಪ್ತಾ ಚೀಪ್ತಾ ನಿದ್ದೆ ಹೋಗ್ಬುಟ್ಟೈತೆ. ತಾವ್ ಎದ್ರೆ ಎಲ್ಲಿ ಅದ್ಕೆ ಎಚ್ಚರ ಆಯ್ತದೋ ಅಂತ ಆಗ್ಲಿಂದ ಕಾಲೂ ಅಲ್ಲಾಡಿಸ್ತಿಲ್ಲ."