ಏಣಿ ಬುಟ್ಟದ ಗೋಡೆ

ಹೆಂಡತಿಯ ಪರವಾಗಿ ಪ್ರಚಾರ ಮಾಡಿಯೇ ಅವಳನ್ನು ಚುನಾವಣೆಯಲ್ಲಿ ಸೋಲಿಸಿದ ಗಂಡನನ್ನು ನೀವು ನೋಡಿದ್ದೀರಾ? ನಮ್ಮ ಸೋದರಮಾವ ಆ ಪುಣ್ಯಾತ್ಮ! ಆವತ್ತು ಕೊಂಡ್ಲಹಳ್ಳಿಯ ಗೋಡೆಯೊಂದರ ಮುಂದೆ ಇದ್ದವರು ಮೂವರು: ಕುಂಚ ಹಿಡಿದ ಮಾವ, ಬಣ್ಣದ ಡಬ್ಬ ಹಿಡಿದು ತೋಳು ಸೋತ ನಾನು, ಸೊಂಟದ ಮೇಲೆ ಕೊಡ ಹೊತ್ತ ಅತ್ತೆ.

ದೂರದಿಂದ ನೀರು ಹೊತ್ತು ಹೊತ್ತು ಅತ್ತೆಯ ಸೊಂಟ ಬಿದ್ದುಹೋಗಿತ್ತು. ನೇಕಾರರ ಬೀದಿಗೊಂದು ನಲ್ಲಿ ಹಾಕಿಸಬೇಕೆಂದು ಪಂಚಾಯಿತಿ ಚುನಾವಣೆಗೆ ನಿಂತಳು. ಗುರುತು ಏಣಿ. ಬಣ್ಣ ಚಳ್ಳಕೆರೆಯಿಂದ ಬಂತು, ಬರೆಯುವುದು ಮಾವನ ಪಾಲಿಗೆ ಬಂತು. ಮಾವನೋ, ಮಗ್ಗದ ಮನುಷ್ಯ; ಮೊಳಕಾಲ್ಮೂರು ರೇಷ್ಮೆ ಸೀರೆ ಬಿಟ್ಟು ಇನ್ನೊಂದು ಕಂಡವನಲ್ಲ. ಗೋಡೆಗೆ ಮೊದಲು ಅಂಚು ಬರೆದ. ಅಂಚಿಗೆ ನವಿಲು ಕೂರಿಸಿದ. ಒಡಲ ತುಂಬ ಹೆಬ್ಬೆರಳ ಗಾತ್ರದ ಏಣಿಗಳನ್ನು, ಸೀರೆಯ ಮೇಲೆ ಚಿಕ್ಕ ಚಿಕ್ಕ ಹೂ ನೇಯುವ ಹಾಗೆ, ಬುಟ್ಟ ಬುಟ್ಟವಾಗಿ ಚೆಲ್ಲಿದ. ಇದಕ್ಕೇ ಒಂದು ವಾರ! ಎದುರಾಳಿ ಕಡೆಯವರು ಬೀಡಿ ಮುಗಿಯುವಷ್ಟರಲ್ಲಿ ಪಕ್ಕದ ಗೋಡೆಗೆ ತಮ್ಮ ಗುರುತಾದ ಕೆಟಲ್ಲನ್ನು ಎಮ್ಮೆಯಷ್ಟು ದೊಡ್ಡದಾಗಿ ಬರೆದು ಹೋದರು.

"ಮಾವ, ಒಂದೇ ಏಣಿ ದೊಡ್ಡದಾಗಿ ಬರಿ," ಅಂದೆ.

"ಲೇ ಅಳಿಯ, ಅಷ್ಟು ದೊಡ್ಡ ಬುಟ್ಟ ಯಾರು ಉಡ್ತಾರಲೇ?"

"ಗೋಡೆನ ಯಾರ್ರೀ ಉಡ್ತಾರೆ?" ಅಂದಳು ಅತ್ತೆ, ಕೊಡ ಇಳಿಸದೆಯೇ.

ಕುರಿ ಹಟ್ಟಿಯ ಅಜ್ಜಿಯೊಬ್ಬಳು ಗೋಡೆಯನ್ನು ಕಣ್ತುಂಬ ನೋಡಿ ಕೇಳಿದಳು: "ಚೆಂದ ಐತೆ ಕಣಪ್ಪ. ಸೀರೆ ಅಂಗಡಿ ಯಾವಾಗ ತೆಗೀತೀರಿ?" ಮಾವ ಖುಷಿಯಲ್ಲಿ ಅವಳಿಗೆ ಬಣ್ಣಗಳನ್ನೆಲ್ಲ ವಿವರಿಸಿದ. ಓಟು ಕೇಳುವುದನ್ನು ಮರೆತ!

ಅತ್ತೆ ಸೋತಳು. ನಲ್ಲಿ ಬರಲಿಲ್ಲ. ಮಾವನನ್ನು ಬೈಯುವಷ್ಟು ತ್ರಾಣವೂ ಇಲ್ಲದೆ ಕೊಡ ಎತ್ತಿಕೊಂಡು ಹೊರಟಳು.

ಆಮೇಲೆ ಮಾವ ಮಾರುವ ಸೀರೆಗಳ ನಡುವೆ ಬಿಡುವು ಮಾಡಿಕೊಂಡು ಅವಳಿಗೊಂದು ರೇಷ್ಮೆ ಸೀರೆ ನೇಯ್ದ. ಊರಿಗೆಲ್ಲ ನೇಯ್ದವನು ಹೆಂಡತಿಗೆ ನೇಯ್ದದ್ದು ಅದೊಂದೇ. ಈ ಸಲ ಬುಟ್ಟವಲ್ಲ. ಸೆರಗಿನಲ್ಲಿ ಮೊಳದುದ್ದದ ಒಂದೇ ಏಣಿ!

ಮುಂದಿನ ಚುನಾವಣೆಗೆ ಅತ್ತೆ ನಿಲ್ಲಲಿಲ್ಲ. ಏಣಿ ಗುರುತು ಅವಳನ್ನು ಸೋಲಿಸಿದಾಕೆಗೇ ಸಿಕ್ಕಿತ್ತು. ಅತ್ತೆ ಅದೇ ಸೀರೆ ಉಟ್ಟು ಓಟಿಗೆ ಬಂದಳು. ಬಾಗಿಲಲ್ಲಿ ಪೊಲೀಸಿನವನು ತಡೆದ.

"ಅವ್ವಾ, ಗುರುತು ಉಟ್ಕಂಡು ಒಳಗೆ ಹೋಗಂಗಿಲ್ಲ. ಬೇರೆ ಸೀರೆ ಉಟ್ಕಂಡು ಬಾ."

"ಓಟು ಬೇಕಾದ್ರೆ ಬಿಡ್ತೀನಿ ಕಣಪ್ಪ. ಈ ಸೀರೆ ಬಿಚ್ಚಲ್ಲ."

ಹಿಂದೆ ನಿಂತಿದ್ದ ಮಾವ ಮುಂದೆ ಬಂದ. ಹೆಗಲ ಮೇಲಿನ ಟವೆಲ್ಲನ್ನು ಕೊಡವಿ ಅವಳ ಸೆರಗಿನ ಮೇಲೆ ಹೊದಿಸಿದ. ಅತ್ತೆ ಒಳಗೆ ಹೋಗಿ ಓಟು ಹಾಕಿ ಬಂದಳು.