ಬಾನೆಟ್ಟಿನೊಳಗೆ ತೂಗಾಡುತ್ತಿರುವ ತಂತಿಯವರ ಸನ್ನಿಧಾನಕ್ಕೆ

ಬೀಜಾಡಿ, ಶನಿವಾರ ಮಧ್ಯಾಹ್ನ, ೧೯೪೪

ಮಾನ್ಯರೇ,

‘ಅಲೆವುದೆಲ್ಲಕು ಎಲ್ಲೊ ಕಾದಿಹುದು ಒಂದು ತಾಣ’ ಎಂಬ ಸಾಲನ್ನು ಎಲ್ಲಿಯೋ ಓದಿದ್ದೇನೆ. ಹಿಂದಿನ ಸಾಲು ಮರೆತಿದೆ, ಮುಂದಿನದು ಇತ್ತೋ ಇಲ್ಲವೋ ತಿಳಿಯದು, ಬರೆದವರು ಯಾರೆಂಬುದಂತೂ ಮೊದಲಿಂದಲೂ ಗೊತ್ತಿಲ್ಲ. ಆದರೆ ಆ ಮಹನೀಯರು ಜೀವಮಾನದಲ್ಲಿ ಒಮ್ಮೆಯೂ ಕಾರಿನ ಬಾನೆಟ್ ಎತ್ತಿ ಒಳಗೆ ಇಣುಕಿದವರಲ್ಲ ಎಂದು ಈಗ ಪ್ರಮಾಣ ಮಾಡಿ ಹೇಳಬಲ್ಲೆ. ಇಣುಕಿದ್ದರೆ ತಮ್ಮ ದರ್ಶನವಾಗುತ್ತಿತ್ತು, ಆ ಸಾಲನ್ನು ಅಲ್ಲಿಯೇ ಹೊಡೆದುಹಾಕುತ್ತಿದ್ದರು.

ಎಂಜಿನ್ನಿನ ಎಡ ಮಗ್ಗುಲಿಗೆ ಒಂದು ತುದಿಯನ್ನು ಬಿಗಿದುಕೊಂಡು, ಹಿತ್ತಾಳೆಯ ಬಳೆ ತೊಟ್ಟ ಇನ್ನೊಂದು ತುದಿಯನ್ನು ಗಾಳಿಯಲ್ಲಿ ತೂಗುಬಿಟ್ಟು, ಮೂರು ವಾರಗಳಿಂದ ಯಾರ ಹಂಗೂ ಇಲ್ಲದೆ ವಿರಾಜಿಸುತ್ತಿರುವ ತಂತಿಯವರಾದ ತಮಗೆ, ಮಸಿ ಹಿಡಿದ ಎರಡೂ ಕೈಗಳನ್ನು ಜೋಡಿಸಿ ಮಾಡಿದ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ಕಣ್ಣಿಗೇ ಕಾಣುತ್ತಿದೆ. ನನ್ನ ಕ್ಷೇಮದ ಸಂಗತಿಯನ್ನು ಬಹಿರಂಗವಾಗಿ ನಿವೇದಿಸಬೇಕಾಗಿ ಬಂದುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ, ಅಂದರೆ ಅಂಗಳದಲ್ಲಿ ಅಂಗಾತ ಮಲಗಿ, ನಾನು ಮಾಡಿಕೊಂಡ ವಿನಂತಿಗಳಿಗೆ ತಾವು ಇದುವರೆಗೆ ಉತ್ತರ ದಯಪಾಲಿಸಿಲ್ಲ.

ತಾವು ಸದ್ಯ ಬಿಡಾರ ಹೂಡಿರುವ ಕಾರು, ಕುಂದಾಪುರದಲ್ಲಿ ವಕೀಲರಾಗಿದ್ದ ನನ್ನ ತಂದೆಯವರದು. ಅವರು ತೀರಿಕೊಳ್ಳುವಾಗ ಕೋಟದ ಅಕ್ಕಿ ಮಿಲ್ಲನ್ನು ನನ್ನ ತಮ್ಮ ಗೋವರ್ಧನನಿಗೂ, ಕಾರನ್ನು ಮದುವೆಯಾಗದೆ ಮದರಾಸಿನಲ್ಲಿ ಎಂ.ಎ. ಓದಿ ಬಂದ ನನಗೂ ಬಿಟ್ಟುಹೋದರು. ಈ ಹಂಚಿಕೆಯಲ್ಲಿ ಏನೋ ತಪ್ಪಾಗಿದೆಯೆಂದು ಗೋವರ್ಧನನಿಗೆ ಅಂದಿನಿಂದಲೂ ಗುಮಾನಿ. ಕಾರು ಕೆಟ್ಟು ನಿಂತ ಸುದ್ದಿ ಮುಟ್ಟಿದ ದಿನವೇ ಓಡಿ ಬಂದು, ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿಯುತ್ತ, “ಅಕ್ಕ, ನೀ ಪದ್ಯ ಓದ್ಕಂಡ್ ಕೂಕೊ. ಎಂಜಿನ್ ಮಿಲ್ಲಿಗೆ ಕೊಡ್, ಅದಾರೂ ದುಡ್ಕಂಡ್ ತಿನ್ಲಿ” ಎಂದ. ನಾನೇ ರಿಪೇರಿ ಮಾಡುತ್ತೇನೆಂದೆ. ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡು, ಮೂರು ವಾರದ ಗಡುವು ಕೊಟ್ಟ. ಸ್ವಾಭಿಮಾನಕ್ಕೆ ಬಿದ್ದು ನಾನೂ ಒಪ್ಪಿದೆ. ಆ ಗಡುವು ನಾಳೆ ಭಾನುವಾರ ಬೆಳಿಗ್ಗೆ ಮುಗಿಯುತ್ತದೆ. ಅವನು ಎತ್ತಿನ ಗಾಡಿ ತರುತ್ತಾನೆ, ಎಂಜಿನ್ನನ್ನು ಅದರಲ್ಲಿ ಹೇರಿಕೊಂಡು ಹೋಗುತ್ತಾನೆ. ನನಗೆ ನಾಲ್ಕು ಚಕ್ರಗಳೂ ಒಂದು ಹಾರ್ನೂ ಉಳಿಯುತ್ತವೆ.

ಊರಿನ ಮೆಕ್ಯಾನಿಕ್ ಯುದ್ಧಕ್ಕೆ ಹೊರಟ ಪಟ್ಟಾಳದ ಮೋಟಾರು ರಿಪೇರಿಗೆಂದು ಎಲ್ಲಿಗೋ ಹೋಗಿದ್ದಾನೆ. ಆದ್ದರಿಂದ ತಂದೆಯವರ ಕಪಾಟಿನಲ್ಲಿದ್ದ ಇಂಗ್ಲಿಷ್ ಕೈಪಿಡಿಯನ್ನು ಮುಂದಿಟ್ಟುಕೊಂಡು ಎಂಜಿನ್ನಿನ ತಲೆ ಬಿಚ್ಚಿದೆ, ಮಸಿ ಕೆರೆದೆ. ಬಿಚ್ಚುವ ಮೊದಲು ಪ್ರತಿಯೊಂದು ತಂತಿಗೂ ಅದರ ಊರು, ಮನೆ ಬರೆದ ಕಾಗದದ ಚೀಟಿಯನ್ನು ಬಾಳೆನಾರಿನಲ್ಲಿ ಕಟ್ಟಿದೆ. ತಮಗೂ ಕಟ್ಟಿದ್ದೆ. ಮರಳಿ ಜೋಡಿಸುವ ಹೊತ್ತಿಗೆ ಆ ಚೀಟಿಯನ್ನು ಬಿಡಿಸಿ ಓದಿದಾಗ ನನ್ನದೇ ಮುದ್ದಾದ ಅಕ್ಷರದಲ್ಲಿ ‘ಇದು ಮರೆಯುವಂಥದಲ್ಲ’ ಎಂದಷ್ಟೇ ಇತ್ತು. ಇಪ್ಪತ್ತು ವರ್ಷ ಹೆಣ್ಣುಮಕ್ಕಳ ಉತ್ತರಪತ್ರಿಕೆ ತಿದ್ದಿದ್ದೇನೆ. ಇಷ್ಟು ಆತ್ಮವಿಶ್ವಾಸದ ಸೊನ್ನೆಯನ್ನು ಬೇರೆಲ್ಲೂ ಕಂಡಿಲ್ಲ.

ಕಾರು ಹೀಗೆ ಬಿಚ್ಚಿಕೊಂಡಿದ್ದ ಸಮಯದಲ್ಲಿಯೇ ಪಕ್ಕದ ಮನೆಯ ಸೂರ, ತನ್ನ ದೋಣಿಗೆ ಬಳಿಯಲು ಮೀನೆಣ್ಣೆಯಲ್ಲಿ ರಾಳ ಕಾಯಿಸುತ್ತಿದ್ದ. ಕಡಲ ಗಾಳಿಗೆ ಕಾರಿನ ಅಡಿಭಾಗ ತುಕ್ಕು ಹಿಡಿಯುತ್ತಿರುವುದನ್ನು ಕಂಡು ಅವನಿಗೆ ಕರುಣೆ ಉಕ್ಕಿತು. “ಅಮ್ಮಾ, ಉಪ್ಪಿನ್ ಗಾಳಿ ಕಬ್ಣ ತಿಂಬುಕಾಗ ಅಂದ್ರೆ ಇದೊಂದೇ ಮದ್ದ್ ಕಾಣಿ” ಎಂದು ಉಳಿದ ಅರ್ಧ ಮಡಕೆಯನ್ನು ತಂದು, ಕಾರಿನ ಚೌಕಟ್ಟಿಗೆಲ್ಲ, ಒಂದು ಬೋಲ್ಟಿನ ತಲೆಯನ್ನೂ ಬಿಡದೆ, ದಪ್ಪಗೆ ಎರಡು ಕೈ ಬಳಿದುಕೊಟ್ಟ. ಒಣಗಿದ ಮೇಲೆ ಅದು ಕಪ್ಪು ಗಾಜಿನಂತೆ ಹೊಳೆಯಿತು. ಅಂದಿನಿಂದ ಗೋವರ್ಧನ ಕಾರಿನ ಹತ್ತಿರ ಬಂದರೆ ಉತ್ತರೀಯವನ್ನು ಮೂಗಿಗೆ ಒತ್ತಿಕೊಳ್ಳುತ್ತಾನೆ. ಇದೊಂದು ಉಪಕಾರಕ್ಕೆ ಸೂರನಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ತರುವಾಯ ಎಲ್ಲವನ್ನೂ ಮರಳಿ ಜೋಡಿಸಿದೆ. ಉಳಿದವರೆಲ್ಲ ತಂತಮ್ಮ ಮನೆ ಸೇರಿಕೊಂಡರು. ತಾವೊಬ್ಬರು ಹೊರಗುಳಿದಿರಿ. ಮೊದಲಿಗೆ, ಅಳತೆಗೆ ಸರಿಯಾಗಿ ಎಟಕುತ್ತದೆಂಬ ಒಂದೇ ಕಾರಣಕ್ಕೆ, ಹತ್ತಿರದಲ್ಲಿದ್ದ ಚೌಕಟ್ಟಿನ ಬೋಲ್ಟಿಗೆ ತಮ್ಮ ಬಳೆಯನ್ನು ತೊಡಿಸಿ ಬಿಗಿದೆ. ಸ್ಟಾರ್ಟರಿನ ಗುಂಡಿ ಎಳೆದರೆ ಎಂಜಿನ್ ಊಟ ಹೆಚ್ಚಾದವರಂತೆ ಒಮ್ಮೆ ನರಳಿ ಸುಮ್ಮನಾಯಿತು. ತಮ್ಮ ಮನೆ ಅದಲ್ಲವೆಂದು ತಿಳಿದು, ಆ ಬೋಲ್ಟಿನ ಹೆಸರನ್ನು ಪಟ್ಟಿಯಿಂದ ಶಾಶ್ವತವಾಗಿ ತೆಗೆದುಹಾಕಿ, ತಮ್ಮನ್ನು ಕೈಹಿಡಿದು ಮನೆಮನೆಗೆ ಕರೆದೊಯ್ದೆ. ಒಂದು ಕಡೆ ತಾಕಿಸಿದಾಗ ಹಾರ್ನ್ ತಾನಾಗಿ ಕೂಗಿಕೊಂಡು, ಹಿತ್ತಿಲಲ್ಲಿ ಮೇಯುತ್ತಿದ್ದ ದನ ಹಗ್ಗ ಹರಿದುಕೊಂಡು ಕಡಲ ಕಡೆಗೆ ಓಡಿತು. ಇನ್ನೊಂದು ಕಡೆ ತಾಕಿಸಿದಾಗ ಕಿಡಿ ಹಾರಿ ನನ್ನ ಸೀರೆಯ ಸೆರಗಿನಲ್ಲಿ ಮೂರು ತೂತುಗಳಾದವು. ತಮ್ಮ ಸಂಬಂಧ ಕುದುರಿಸಲು ನಾನು ಪಟ್ಟಷ್ಟು ಪಾಡನ್ನು ನನ್ನ ಮದುವೆಗಾಗಿ ನಮ್ಮ ಮನೆಯವರು ಪಟ್ಟಿದ್ದರೆ, ಇಂದು ಈ ಪತ್ರವನ್ನು ಯಾರದೋ ಅತ್ತೆಯಾಗಿ ಬರೆಯುತ್ತಿದ್ದೆ.

ಕೈಪಿಡಿಯಲ್ಲಿ ನಕ್ಷೆಯೊಂದಿದೆ. ಅದರಲ್ಲಿ ತಾವೂ ಇದ್ದೀರಿ. ಆದರೆ ಬೇರೆ ತಂತಿಗಳೆಲ್ಲ ಎಲ್ಲಿಯಾದರೂ ಹೋಗಿ ಮುಟ್ಟಿದರೆ, ತಾವು ಮಾತ್ರ ಸ್ವಲ್ಪ ದೂರ ಹೋಗಿ, ಒಂದರ ಕೆಳಗೊಂದು ಚಿಕ್ಕದಾಗುತ್ತ ಹೋಗುವ ಮೂರು ಅಡ್ಡಗೆರೆಗಳಲ್ಲಿ ಕರಗಿಹೋಗುತ್ತೀರಿ. ಚಿತ್ರ ಬರೆದವನು ದಣಿದು ಅಲಂಕಾರಕ್ಕೆಂದು ಎಳೆದ ಗೆರೆಗಳಿರಬೇಕು, ಅಥವಾ ಅವನೂ ನನ್ನಂತೆ ಪದ್ಯ ಓದುವವನಿರಬೇಕು. ಸಾಲುಗಳು ಗಿಡ್ಡವಾಗುತ್ತ ಹೋಗಿ ಕೊನೆಗೆ ಮೌನದಲ್ಲಿ ನಿಲ್ಲುವುದು ಎಷ್ಟು ಚಂದವೆಂದು ಒಂದು ಸಂಜೆ ಪೂರ್ತಿ ಅದನ್ನೇ ನೋಡುತ್ತ ಕುಳಿತಿದ್ದೆ. ಕಾರಿಗೆ ಅದರಿಂದ ಏನೂ ಅನುಕೂಲವಾಗಲಿಲ್ಲ.

ತಮ್ಮ ಗುಣಗಳನ್ನು ಕಾಣದಷ್ಟು ಕುರುಡಿ ನಾನಲ್ಲ. ಎಲ್ಲರೂ ಎಲ್ಲಿಗಾದರೂ ಅಂಟಿಕೊಳ್ಳಲು ಹಾತೊರೆಯುವ ಈ ಕಾಲದಲ್ಲಿ ತಮ್ಮ ವೈರಾಗ್ಯ ದೊಡ್ಡದು. ಕಾವಿ ತೊಟ್ಟವರಲ್ಲಿಯೂ ಇಷ್ಟು ನಿರ್ಲಿಪ್ತತೆ ಕಂಡಿಲ್ಲ. ಅವರು ಊಟದ ಹೊತ್ತಿಗಾದರೂ ಎಲ್ಲಿಯಾದರೂ ಸೇರಿಕೊಳ್ಳುತ್ತಾರೆ. ಆದರೂ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ನಾಳೆ ಬೆಳಗಾಗುವುದರೊಳಗೆ ತಾವು ಸ್ವತಃ ಎದ್ದು ಹೋಗಿ ತಮ್ಮ ಮನೆಯ ಬಾಗಿಲು ತಟ್ಟಬೇಕು. ಅದಾಗದಿದ್ದರೆ ತಮ್ಮ ಹುಟ್ಟೂರು, ಕುಲ, ಗೋತ್ರಗಳನ್ನು ಒಂದು ಚೀಟಿಯಲ್ಲಿ ಬರೆದು ಬಾಳೆನಾರಿನಲ್ಲಿ ನನ್ನ ಮಣಿಕಟ್ಟಿಗೆ ಕಟ್ಟಬೇಕು. ಅದೂ ಆಗದಿದ್ದಲ್ಲಿ, ತಮ್ಮ ಸಹಾಯವಿಲ್ಲದೆಯೇ ಓಡಲು ಎಂಜಿನ್ನಿಗೆ ಒಂದು ಅಪ್ಪಣೆಯನ್ನಾದರೂ ಕೊಟ್ಟು, ಆಮೇಲೆ ತಮ್ಮ ತಪಸ್ಸನ್ನು ನಿಶ್ಚಿಂತೆಯಿಂದ ಮುಂದುವರಿಸಬೇಕು.

ಇಷ್ಟೆಲ್ಲ ಅವಸರವೇಕೆಂದು ತಾವು ಕೇಳಬಹುದು. ಪ್ರತಿ ಶನಿವಾರ ನಾನು ಕೋಟಕ್ಕೆ ಹೋಗಿ ಹನ್ನೊಂದು ಮಂದಿ ಹೆಂಗಸರಿಗೆ ಓದು ಬರಹ ಕಲಿಸುತ್ತೇನೆ. ಸಿಗುವ ಕೂಪನ್ನಿನ ಪೆಟ್ರೋಲು ಸರಿಯಾಗಿ ಅಷ್ಟಕ್ಕೇ ಸಾಲುತ್ತದೆ. ಅವರಲ್ಲಿ ಚಂದ್ರಾವತಿ ಎಂಬವಳ ಗಂಡ ಬೊಂಬಾಯಿಯ ಹೋಟೆಲಿನಲ್ಲಿದ್ದಾನೆ. ಅವನ ಕಾಗದಗಳನ್ನು ಟಪಾಲಿನವನು ಅಂಗಳದಲ್ಲಿ ನಿಂತು, ಅತ್ತೆ ಮಾವ ನಾದಿನಿಯರೆದುರು, ಗಟ್ಟಿಯಾಗಿ ಓದಿ ಹೇಳುತ್ತಾನೆ. ಅವಳಿಗೆ ಒಂದೇ ಒಂದು ಕಾಗದವನ್ನು ತಾನೇ ಮೊದಲು ಓದುವ ಆಸೆ. ಒತ್ತಕ್ಷರಕ್ಕೆ ಬಂದು ನಿಂತಿದ್ದಾಳೆ. ಇದು ಅವಳಿಗೆ ತಪ್ಪಿದ ಮೂರನೆಯ ಶನಿವಾರ. ತಮ್ಮ ವೈರಾಗ್ಯಕ್ಕೂ ಚಂದ್ರಾವತಿಯ ಒತ್ತಕ್ಷರಕ್ಕೂ ಏನು ಹಗೆತನವೋ ನಾನರಿಯೆ.

ತಮ್ಮ ಒಂದು ತುದಿಯನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ ಇರುವ,
ತಮ್ಮ ವಿಶ್ವಾಸಿ
ಗುಣವತಿ, ಎಂ.ಎ.

ಮರೆತ ಮಾತು: ಇದನ್ನು ಭಾನುವಾರ ಬೆಳಿಗ್ಗೆ ಸೇರಿಸುತ್ತಿದ್ದೇನೆ. ಸೂರನ ಹೆಂಡತಿ ಬಾಗಿ, ಮೀನು ಮಾರಲು ಕೋಟಕ್ಕೆ ಹೊರಟವಳು, ಕಾರಿನ ಕೆಳಗಿಂದ ಹೊರಬಂದಿದ್ದ ನನ್ನ ಎರಡು ಪಾದಗಳನ್ನು ಕಂಡು ಬುಟ್ಟಿ ಇಳಿಸಿದಳು. ತಮ್ಮ ಕಥೆಯನ್ನೆಲ್ಲ ಕೇಳಿದಳು. ಮೊದಲು ತಾಕಿಸಿದ ಬೋಲ್ಟು ಯಾವುದೆಂದು ವಿಚಾರಿಸಿ, ಅದನ್ನು ಉಗುರಿನಿಂದ ತಟ್ಟಿ ನೋಡಿದಳು. “ದೋಣಿಗ್ ಎಣ್ಣಿ ಬಳ್ದ್ ಒಳ್ಗ್ ಎಂತದೂ ಬಪ್ಪುಕಾಗ ಅಂದ್ಹೇಳಿ. ಇದಕ್ಕೂ ಹಾಂಗೇ ಬಳ್ದಿರ್. ಮತ್ತ್ ಕರೆಂಟ್ ಬತ್ತಿಲ್ಲೆ ಅಂದ್ರೆ ಅದ್ ಎಲ್ಲಿಂದ ಬಪ್ಪುದ್ ಅಮ್ಮಾ?” ಎಂದವಳೇ ಮೀನಿನ ಪೊರೆ ತೆಗೆಯುವ ಕತ್ತಿಯಿಂದ ಬೋಲ್ಟಿನ ತಲೆಯನ್ನೂ ಸುತ್ತಲಿನ ಕಬ್ಬಿಣವನ್ನೂ ಬೆಳ್ಳಿಯಂತೆ ಬೆಳಗುವವರೆಗೆ ಕೆರೆದಳು. ತಮ್ಮ ಬಳೆಯನ್ನು ಅಲ್ಲಿಯೇ ತೊಡಿಸಿ ಬಿಗಿದೆ. ಗುಂಡಿ ಎಳೆದ ಮೊದಲ ಎಳೆತಕ್ಕೇ ಎಂಜಿನ್ ಗುಡುಗಿತು. ಮೂರು ವಾರ ನಾನು ಊರೆಲ್ಲ ಅಲೆಸಿದ ತಮ್ಮ ಮನೆ, ನಾನು ಮೊದಲು ತಟ್ಟಿದ ಬಾಗಿಲೇ ಆಗಿತ್ತು. ನಕ್ಷೆಯ ಆ ಮೂರು ಗೆರೆಗಳು ಪದ್ಯವಲ್ಲ, ಕಾರಿನ ಮೈಗೆ ಕಟ್ಟು ಎಂಬ ಸೂಚನೆ, ಎಂ.ಎ.ಯಲ್ಲಿ ಇದನ್ನು ಕಲಿಸಿರಲಿಲ್ಲ. ‘ಕಾದಿಹುದು ಒಂದು ತಾಣ’ ಎಂದ ಆ ಕವಿಯಲ್ಲಿ ಕ್ಷಮೆ ಕೇಳಿದ್ದೇನೆ. ತಮ್ಮಲ್ಲಿ ಕೇಳುವುದಿಲ್ಲ, ತಾವು ಒಂದು ಮಾತು ಹೇಳಬಹುದಿತ್ತು.

ಗೋವರ್ಧನ ಗಾಡಿಯನ್ನೂ ಹಗ್ಗವನ್ನೂ ತಂದು ಬೇಲಿಬಾಗಿಲಿನ ದಣಪೆಯ ಬಳಿ ನಿಂತಾಗ ಕಾರು ಅಂಗಳದಲ್ಲಿ ನಡುಗುತ್ತ ಹೊಗೆ ಬಿಡುತ್ತಿತ್ತು; ನಿನ್ನೆ ತಪ್ಪಿದ ಪಾಠಕ್ಕೆ ಇಂದೇ ಕೋಟಕ್ಕೆ ಹೋಗುವುದೆಂದು ನಾನು ಹೊರಟು ನಿಂತಿದ್ದೆ. ಅವನು ಉತ್ತರೀಯವನ್ನು ಮೂಗಿಗೊತ್ತಿಕೊಂಡು ಎತ್ತುಗಳನ್ನು ಹಿಂದಕ್ಕೆ ತಿರುಗಿಸತೊಡಗಿದ. ಬಾಗಿ ಕತ್ತಿಯನ್ನು ಸೆರಗಿಗೆ ಒರೆಸಿ, ಮೀನಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದಣಪೆಯವರೆಗೆ ಹೋಗಿ ಹೇಳಿದಳು: “ಹ್ವಾಯ್ ಒಡೇರೇ, ಖಾಲಿ ಗಾಡಿ ಹೊಡ್ಕಂಡ್ ಹೋಪುದ್ ಎಂತಕ್ಕೆ? ಈ ಬುಟ್ಟಿ ಕೋಟಕ್ಕೆ ಮುಟ್ಸಿ. ನಾ ಅಮ್ಮನ್ ಕಾರಗೆ ಬತ್ತೆ.”