ಸಂಜೆಯೊಳಗೆ ರಾಜೀನಾಮೆ

ಎಲ್ಲದಕ್ಕೂ ಮೂಲ ಒಂದು ಕೂಲರ್. ಮೊಬೈಲಿನಲ್ಲಿ ಹೇಳಿದರೆ ಸಾಕು, ತಾನೇ ಶುರುವಾಗಿ, ಕೋಣೆಯಲ್ಲಿ ಎಷ್ಟು ಜನ ಇದ್ದಾರೆಂದು ನೋಡಿ ತಂಪು ಕೊಡಬೇಕು. ಕಟ್ಟಿದವರು ಗಗನ್ ಮತ್ತು ನಿಕಿತಾ ಎಂಬ ವಿದ್ಯಾರ್ಥಿಗಳು, ಅವರಿಗೆ ಗುರು ನಮ್ಮ ಶ್ರೀಪಾದ. ನಾಗಪುರದ ಒಂದು ವಿಶ್ವವಿದ್ಯಾಲಯದ ಉದ್ಯಮಶೀಲತೆ ಕೇಂದ್ರದಲ್ಲಿ ಹುಡುಗರಿಗೆ ಕಂಪನಿ ಕಟ್ಟುವುದನ್ನು ಕಲಿಸುವುದು ಅವನ ಕೆಲಸ. ಅವನು ಜನ್ಮದಲ್ಲಿ ಒಂದು ಪಾನ್ ಅಂಗಡಿಯನ್ನೂ ಇಟ್ಟವನಲ್ಲ, ಆ ಮಾತು ಬೇರೆ. ಹೋದ ವಾರದ ಪ್ರದರ್ಶನದಲ್ಲಿ ಆ ಕೂಲರ್ ಮುಖ್ಯ ಅತಿಥಿಗಳಿಗೆ ತಲೆಯಿಂದ ಕಾಲಿನವರೆಗೆ ಅಭಿಷೇಕ ಮಾಡಿತ್ತು. ಅಂದಿನಿಂದ ಗಗನ್, ನಿಕಿತಾ ತಪ್ಪು ನಿನ್ನದು ತಪ್ಪು ನಿನ್ನದು ಎಂದು ಕಿತ್ತಾಡಿ ಮಾತು ಬಿಟ್ಟಿದ್ದರು.

ಹಾಗಾಗಿ ಏಪ್ರಿಲ್ಲಿನ ಆ ಬೆಳಿಗ್ಗೆ ಡೈರೆಕ್ಟರ್ ಚತುರ್ವೇದಿಯವರ ಫೋನ್ ಬಂದಾಗ ಶ್ರೀಪಾದ ಕೂತಲ್ಲಿಂದ ಎದ್ದು ನಿಂತ. ಅವರು ಲಕ್ನೋದಿಂದ ಬಂದು ತಿಂಗಳಾಗಿತ್ತಷ್ಟೆ. ಶುದ್ಧ ಹಿಂದಿ, ಅಳೆದು ತೂಗಿದ ಮಾತು.

"ಶ್ರೀಪಾದ್ ಜೀ, ಕೂಲರ್ ಕಾ ಮಾಮ್ಲಾ ಆಜ್ ಖತಮ್ ಕರ್ನಾ ಹೈ. ಶಾಮ್ ತಕ್ ರಾಜೀನಾಮಾ ಚಾಹಿಯೇ. ಬಸ್."

ಫೋನ್ ಕಟ್ಟಾಯಿತು. ಶ್ರೀಪಾದ ಚಹದ ಕಪ್ಪು ಹಿಡಿದುಕೊಂಡೇ ಕುಸಿದು ಕೂತ. ಕೂಲರಿನ ಗಲಾಟೆ ಇವತ್ತೇ ಮುಗಿಯಬೇಕಂತೆ, ಸಂಜೆಯೊಳಗೆ ರಾಜೀನಾಮೆ ಬೇಕಂತೆ! ಎರಡು ಊರುಗಳಲ್ಲಿ ತಾತ್ಕಾಲಿಕ ನೌಕರಿ ಮಾಡಿ ಸವೆದು ಬಂದವನು. ಇಲ್ಲಿ ಮುಂದಿನ ತಿಂಗಳು ಖಾಯಂ ಆಗುವುದರಲ್ಲಿದ್ದ. ಅಯ್ಯೋ ವಿಧಿಯೇ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಕಾಲು ಹಿಡೀರಿ ಬೇಕಾದ್ರ," ಎಂದಳು ಹೆಂಡತಿ ಮೃಣಾಲಿನಿ ಕಣ್ಣೊರೆಸಿಕೊಳ್ಳುತ್ತ. "ಮತ್ತೊಂದು ಊರಿಗೆ ಗಂಟುಮೂಟಿ ಕಟ್ಟೂದು ನನ್ನ ಕೈಲೆ ಆಗಂಗಿಲ್ಲ."

ಅಷ್ಟರಲ್ಲಿ ಪಕ್ಕದ ಮನೆಯ ಭೀಮಪ್ಪ ಒಳಗೆ ಬಂದಾಗಿತ್ತು. ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಯೂನಿಯನ್ ಮಾಡಿ ಹಣ್ಣಾದ ಬಾಗಲಕೋಟೆಯವನು. ಗೋಡೆ ತೆಳು, ಅವನ ಕಿವಿ ಅದಕ್ಕಿಂತ ತೆಳು.

"ಏ ಸರs, ಕಾಲು ಗೀಲು ಹಿಡೀಬ್ಯಾಡ್ರಿ! ಅವ್ರು ತಗದ್ರ ಅವಮಾನ, ನಾವs ಕೊಟ್ರ ಸ್ವಾಭಿಮಾನ. ಜಲ್ದಿ ಬರೀರಿ, ತಗೋರಿ ಪೆನ್ನು. ನಾ ಹೇಳ್ತೀನಿ, ನೀವು ಬರಕೋರಿ."

ಹೋಗುವುದು ಇವನ ನೌಕರಿ, ಹುಮ್ಮಸ್ಸು ಅವನದು. ಭೀಮಪ್ಪ ಹೇಳಿಕೊಟ್ಟ ಹಾಗೆ ಬರೆದ ಕಾಗದವನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಶ್ರೀಪಾದ ಮೆಟ್ರೋ ಹತ್ತಿದ.

ಕೇಂದ್ರದಲ್ಲಿ ಅವನ ಮುಖ ನೋಡಿಯೇ ಸಹೋದ್ಯೋಗಿ ಅಂಬುಜಾ ವಿಷಯ ಬಾಯಿ ಬಿಡಿಸಿದಳು. ಮೈಸೂರಿನವಳು, ಮಾತು ಬೆಣ್ಣೆ.

"ಅಯ್ಯೋ ಪಾಪ! ಧೈರ್ಯ ತಗೊಳ್ಳಿ ಸರ್. ದೇವರು ಒಂದು ಬಾಗಿಲು ಮುಚ್ಚಿದ್ರೆ..." ಎಂದು ಸುತ್ತ ನೋಡಿ, "ಅಂದ್ಹಾಗೆ, ಈ ಏಸಿ ಕೆಳಗಿನ ಟೇಬಲ್ಲು ಯಾರಿಗೂ ಹೇಳಿಲ್ಲ ತಾನೇ?" ಎಂದಳು.

ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿ, ಸಹೋದ್ಯೋಗಿಗಳ ಕಡೆಯಿಂದ ಬೀಳ್ಕೊಡುಗೆಗೆ ಉಣ್ಣೆಯ ಶಾಲು ಬಂತು. ಹೊರಗೆ ಬಿಸಿಲು ತಲೆ ಒಡೆಯುತ್ತಿದೆ, ಇವರು ತಂದದ್ದು ಉಣ್ಣೆ ಶಾಲು! ಸಾಲದ್ದಕ್ಕೆ ಅವತ್ತಿನ ಪಾಠ "ಸೋಲನ್ನು ಅಪ್ಪಿಕೊಳ್ಳಿ." ಉದ್ಯಮಿಗೆ ಸೋಲೇ ಮೊದಲ ಬಂಡವಾಳ ಎನ್ನುವಷ್ಟರಲ್ಲಿ ಶ್ರೀಪಾದನ ಕಣ್ಣೀರು ಧಾರಾಕಾರ ಹರಿಯಿತು. ವಿದ್ಯಾರ್ಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ಚಲೋ ಪಾಠ ಅವನು ಹಿಂದೆಂದೂ ಮಾಡಿರಲಿಲ್ಲ.

ಸಂಜೆ ಡೈರೆಕ್ಟರ್ ಕೋಣೆಯಲ್ಲಿ ಚತುರ್ವೇದಿಯವರ ಜೊತೆ ರಿಜಿಸ್ಟ್ರಾರ್ ದೇಶಮುಖ್ ಕೂತಿದ್ದರು. ಗಗನ್, ನಿಕಿತಾ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ನಿಂತಿದ್ದರು. ಮೂಲೆಯಲ್ಲಿ ಅದೇ ಪಾಪಿ ಕೂಲರ್.

ಶ್ರೀಪಾದ ಕಣ್ಣು ಮುಚ್ಚಿ, "ಸರ್, ಮೈ ರಾಜೀನಾಮೇ ಕೇ ಲಿಯೇ ತಯಾರ್ ಹೂಂ," ಎಂದುಬಿಟ್ಟ.

"ವಾಹ್!" ಚತುರ್ವೇದಿಯವರು ಎದ್ದು ಬಂದು ಅವನನ್ನು ತಬ್ಬಿಕೊಂಡರು. ಗಗನ್ ಒಂದು ಕಾಲಿಗೆ, ನಿಕಿತಾ ಇನ್ನೊಂದು ಕಾಲಿಗೆ ಬಿದ್ದರು. ಶ್ರೀಪಾದನಿಗೆ ತಲೆಬುಡ ತಿಳಿಯಲಿಲ್ಲ. ಡೈರೆಕ್ಟರ್ ತಾವೇ ಬಿಡಿಸಿ ಹೇಳಿದರು. ಅವರ ಕಡೆ ರಾಜೀನಾಮೆ ಎಂದರೆ ನೌಕರಿ ಬಿಡುವುದಲ್ಲ. ಜಗಳವಾಡಿದವರು ರಾಜಿಯಾಗಿ ಬರೆದುಕೊಡುವ ಒಪ್ಪಂದ. ಈ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಇಬ್ಬರಿಗೂ ನಂಬಿಕೆ ಇರುವುದು ಶ್ರೀಪಾದ ಸರ್ ಮೇಲೆ. ಅವರು ಕಂಪನಿಯ ಮುಖ್ಯಸ್ಥರಾದರೆ ಕೂಲರ್ ಉಳಿಯುತ್ತದೆ, ಕೇಂದ್ರದ ಮಾನವೂ ಉಳಿಯುತ್ತದೆ.

ಅಂದರೆ ನೌಕರಿ ಹೋಗಿಲ್ಲ! ಶ್ರೀಪಾದನ ಕಣ್ಣಲ್ಲಿ ಮತ್ತೆ ನೀರು. ಆ ಖುಷಿಯಲ್ಲಿ ಎಲ್ಲೆಲ್ಲಿ ತೋರಿಸಿದರೋ ಅಲ್ಲೆಲ್ಲ ಸಹಿ ಗೀಚಿದ. ಒಂದಕ್ಷರ ಓದಲಿಲ್ಲ.

ದೇಶಮುಖ್ ಕನ್ನಡಕ ಸರಿಮಾಡಿಕೊಂಡು ಮರಾಠಿಯಲ್ಲಿ ಶುರು ಮಾಡಿದರು. "ಬರೋಬರ್ ಝಾಲಂ. ಆತಾ ರಾಜೀನಾಮಾ ದ್ಯಾ ಸರ್."

"ಈಗ ಕೊಟ್ಟೆನಲ್ಲ ಸರ್!"

"ತೋ ಹಿಂದೀ ರಾಜೀನಾಮಾ. ಮೀ ಮರಾಠೀ ಮಾಗತೋಯ."

ಕೊಟ್ಟದ್ದು ಹಿಂದಿಯದಂತೆ, ಅವರು ಕೇಳುತ್ತಿರುವುದು ಮರಾಠಿಯದಂತೆ! ಮರಾಠಿ ರಾಜೀನಾಮೆಗೆ ಅರ್ಥ ಕನ್ನಡದ್ದೇ. ಖಾಯಂ ಆಗದ ಪ್ರಾಧ್ಯಾಪಕ ಕಂಪನಿ ನಡೆಸಬೇಕಾದರೆ ನೌಕರಿ ಬಿಡಬೇಕು, ಅದು ಇಲ್ಲಿಯ ನಿಯಮ ಎಂದರು ದೇಶಮುಖ್. ಒಪ್ಪಂದ ರದ್ದು ಮಾಡಿ ಎಂದು ಇವನು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಅಂಗಿಯ ಜೇಬಿನ ಮೇಲೆ ಬಿತ್ತು. ಇಣುಕುತ್ತಿದ್ದ ಕಾಗದವನ್ನು ಎರಡು ಬೆರಳಲ್ಲಿ ಎಳೆದು ಓದಿ, "ಅರೇ ವಾ, ತಯಾರಚ್ ಆಹೇ!" ಎಂದು ಠಸ್ಸೆ ಒತ್ತಿಯೇಬಿಟ್ಟರು.

ಹೊರಗೆ ಕಾಯುತ್ತಿದ್ದ ಅಂಬುಜಾ ಬಂದು ಶಾಲು ಹೊದಿಸಿದಳು. ಹೊಸ ಮುಖ್ಯಸ್ಥರ ಗೌರವಾರ್ಥ ಗಗನ್ ಕೂಲರ್ ಶುರು ಮಾಡಿದ. ಅದು ಕೋಣೆಯಲ್ಲಿದ್ದವರನ್ನೆಲ್ಲ ಬಿಟ್ಟು, ಹುಡುಕಿದ ಹಾಗೆ ಶ್ರೀಪಾದನೊಬ್ಬನ ಮೇಲೆಯೇ ನೀರು ಸುರಿಯಿತು.

ತೊಯ್ದ ಶಾಲಿನಲ್ಲಿ ಮೆಟ್ಟಿಲ ಮೇಲೆ ಕೂತವನಿಗೆ ಮೃಣಾಲಿನಿಯ ಫೋನ್ ಬಂತು.

"ಏನಾತ್ರಿ? ನಾಳಿಂದ ಆಫೀಸ್ ಇಲ್ಲೇನು?"

"ಐತಿ," ಎಂದ ಶ್ರೀಪಾದ. "ಪಗಾರ ಇಲ್ಲ."